ಕೋಳಿ ಕೂಗುವ ಹೊತ್ತಿಗೆ ಮೀನಿನ ಹೊಂಡ ನೋಡಿ



ಹಸು ಕಟ್ಟಿದವರು ಎದ್ದೊಡನೆ ಕೊಟ್ಟಿಗೆಗೆ ಹೋಗುತ್ತಾರೆ. ರೇಷ್ಮೆಹುಳು ಸಾಕಿದ ಮನೆಯಲ್ಲಿ ನಡುರಾತ್ರಿಯಲ್ಲೂ ದೀಪ ಹಿಡಿದು ತಟ್ಟೆ ನೋಡುತ್ತಾರೆ. ಮೀನು ಸಾಕಿದವರು ಮಾತ್ರ ಹೊತ್ತೇರಿದ ಮೇಲೆ ಹಿಂಡಿ ತೌಡಿನ ಬುಟ್ಟಿ ಹಿಡಿದು ನಿಧಾನವಾಗಿ ಹೊಂಡದ ಕಡೆ ನಡೆಯುತ್ತಾರೆ. ಆ ಹೊತ್ತಿಗೆ ನೀರು ಬಿಸಿಲಿಗೆ ಹೊಳೆಯುತ್ತಿರುತ್ತದೆ, ಮೀನುಗಳು ಆಳದಲ್ಲಿರುತ್ತವೆ. ಎಲ್ಲವೂ ಸರಿಯಾಗಿದೆ ಎಂದುಕೊಂಡು ಮೇವು ಚೆಲ್ಲಿ ಮರಳುತ್ತಾರೆ.

ಹೊಂಡದ ಕಷ್ಟಸುಖ ತಿಳಿಯುವುದು ಆ ಹೊತ್ತಿನಲ್ಲಲ್ಲ. ಅದು ತಿಳಿಯುವುದು ಕೋಳಿ ಕೂಗಿದ ಮೇಲೆ, ಬೆಳಕು ಹರಿಯುವ ಮುನ್ನ. ಈ ಒಂದು ಮಾತನ್ನು ತಮ್ಮ ಮನಸ್ಸಿಗೆ ಮುಟ್ಟಿಸುವುದೇ ಈ ಪಾಠದ ಉದ್ದೇಶ. ಇದನ್ನು ನಾನು ಪುಸ್ತಕದಿಂದ ಕಲಿತವನಲ್ಲ. ಕೃಷಿ ಡಿಪ್ಲೊಮಾ ಮುಗಿಸಿ ಕೆಲಸಕ್ಕೆ ಸೇರಿದ ಮೊದಲ ವರ್ಷ, ಒಬ್ಬ ರೈತರ ಮೀನು ಸತ್ತ ಮೇಲೆ ಕಲಿತೆ. ಆದುದರಿಂದ ಆ ಸಂಗತಿಯಿಂದಲೇ ಪ್ರಾರಂಭಿಸುತ್ತೇನೆ.

ನನ್ನ ತಪ್ಪಿನ ಕಥೆ

ನಾನು ನೋಡಿಕೊಳ್ಳುವ ಹಳ್ಳಿಗಳಲ್ಲಿ ಒಂದರಲ್ಲಿ ಹಿರಿಯ ರೈತರೊಬ್ಬರು ೧೦ ಗುಂಟೆಯ ಹೊಂಡದಲ್ಲಿ ಕಾಟ್ಲಾ, ರೋಹು, ಮೃಗಾಲ ಮೀನುಮರಿಗಳನ್ನು ಬಿಟ್ಟಿದ್ದರು. ವರ್ಷ ತುಂಬಿತ್ತು. ಕಾಟ್ಲಾ ಒಂದೊಂದೂ ಕಿಲೋ ತೂಗುತ್ತಿತ್ತು. ದೀಪಾವಳಿ ಕಳೆದೊಡನೆ ಹಿಡಿದು ಮಾರಬೇಕು, ಆ ಹಣದಲ್ಲಿ ಮಗಳ ಬಾಣಂತನದ ಖರ್ಚು ನಿಭಾಯಿಸಬೇಕು ಎಂಬುದು ಅವರ ಲೆಕ್ಕ.

ಒಂದು ದಿನ ತುಂತುರು ಮಳೆಯಲ್ಲಿ ಅವರ ತೋಟದ ದಾರಿಯಾಗಿ ಹೋಗುತ್ತಿದ್ದವನು, "ಹೊಂಡಕ್ಕೆ ಗೊಬ್ಬರ ಹಾಕಿ ಹದಿನೈದು ದಿನ ಆಯಿತಲ್ಲ ಯಜಮಾನರೇ, ಸಗಣಿ ಹಾಕಿಸಿ" ಎಂದು ಹೇಳಿ ಮುಂದೆ ಹೋದೆ. ಎಷ್ಟು ಹಾಕಬೇಕೆಂದು ಹೇಳಲಿಲ್ಲ. ನೀರಿನ ಬಣ್ಣ ನೋಡಲಿಲ್ಲ. ತಲೆಯೆತ್ತಿ ಆಕಾಶವನ್ನೂ ನೋಡಲಿಲ್ಲ. ಅವರು ಹೊಲಕ್ಕೆ ಹಾಕುವ ಕೈಯಲ್ಲೇ ಎರಡು ಗಾಡಿ ಹಸಿ ಸಗಣಿ ಹಾಕಿಸಿದರು. ಅನಂತರ ನಾಲ್ಕು ದಿನ ಸೂರ್ಯನ ಮುಖ ಕಾಣಲಿಲ್ಲ. ಎಲೆ ಅಲುಗುವಷ್ಟು ಗಾಳಿಯೂ ಇರಲಿಲ್ಲ. ಐದನೆಯ ದಿನ ಬೆಳಗ್ಗೆ ಅವರ ಮೊಮ್ಮಗ ಸೈಕಲ್ ತುಳಿದುಕೊಂಡು ಬಂದು ನನ್ನನ್ನು ಕರೆದ.

ಹೋಗಿ ನೋಡಿದರೆ ಹೊಂಡದ ಅಂಚಿನುದ್ದಕ್ಕೂ ಮೀನು ಹೊಟ್ಟೆ ಮೇಲಾಗಿ ಬಿದ್ದಿತ್ತು. ಹಿರಿಯರು ಏರಿಯ ಮೇಲೆ ಕುಳಿತಿದ್ದರು. "ಇದು ನಮ್ಮ ದಾಯಾದಿ ಕೆಲಸ ಸ್ವಾಮಿ. ರಾತ್ರಿ ಏನೋ ಸುರಿದು ಹೋಗವ್ನೆ" ಎಂದರು. ಬದುವಿನ ವಿಚಾರವಾಗಿ ಎರಡು ಮನೆಗೂ ಮಾತು ನಿಂತು ಮೂರು ವರ್ಷವಾಗಿತ್ತು. ಪೊಲೀಸ್ ಠಾಣೆಗೆ ಹೋಗಲು ನಾಲ್ಕಾರು ಮಂದಿ ಆಗಲೇ ಸಿದ್ಧರಾಗಿ ನಿಂತಿದ್ದರು.

ನಾನು ಏರಿಯ ಸುತ್ತ ಒಂದು ಸಲ ನಡೆದೆ. ಸತ್ತವೆಲ್ಲ ದೊಡ್ಡ ಮೀನುಗಳು, ಹೆಚ್ಚಿನವು ಕಾಟ್ಲಾ, ಬಾಯಿ ತೆರೆದುಕೊಂಡೇ ಸತ್ತಿದ್ದವು. ಬೆರಳುದ್ದದ ಸಣ್ಣ ಮೀನುಗಳು ಅಂಚಿನಲ್ಲಿ ಇನ್ನೂ ಓಡಾಡುತ್ತಿದ್ದವು. ಕಪ್ಪೆಗಳು ಬದುಕಿದ್ದವು. ಬಸವನಹುಳುಗಳು ನೀರು ಬಿಟ್ಟು ಕಲ್ಲಿನ ಮೇಲಕ್ಕೆ ಹತ್ತಿದ್ದವು. ಹಸಿರಾಗಿದ್ದ ನೀರು ಬೂದು ಮಿಶ್ರಿತ ಕಂದು ಬಣ್ಣಕ್ಕೆ ತಿರುಗಿ ನಾರುತ್ತಿತ್ತು.

ಆಗ ಮನೆಯ ಸೊಸೆ ಮೆಲ್ಲಗೆ ಒಂದು ಮಾತು ಹೇಳಿದರು: "ಮೂರು ದಿನದಿಂದ ನಸುಕಿನಲ್ಲಿ ಮೀನೆಲ್ಲ ಮೇಲೆ ಬಂದು ಬಾಯಿ ಬಾಯಿ ಬಿಡ್ತಾ ನಿಂತಿರ್ತಿದ್ದವು. ಆಟ ಆಡ್ತಾವೆ ಅಂದ್ಕೊಂಡೆ." ಆ ತಾಯಿ ಕಂಡದ್ದೇ ನಿಜವಾದ ಕಾರಣದ ಗುರುತು. ಮೀನು ವಿಷದಿಂದ ಸತ್ತಿರಲಿಲ್ಲ. ಉಸಿರು ಕಟ್ಟಿ ಸತ್ತಿತ್ತು.

ಅಂದು ಅರಳಿಕಟ್ಟೆಯ ಮೇಲೆ ನಿಂತು, ಯಾರೂ ವಿಷ ಹಾಕಿಲ್ಲ, ಇದರಲ್ಲಿ ನನ್ನ ತಪ್ಪೂ ಇದೆ ಎಂದು ನಾನು ಹೇಳಬೇಕಾಯಿತು. ಹೇಳಲು ನಾಲಿಗೆ ಏಳಲಿಲ್ಲ. ಆದರೆ ಹೇಳದೆ ಹೋಗಿದ್ದರೆ ಎರಡು ಮನೆಗಳು ಕೋರ್ಟು ಕಚೇರಿ ಅಲೆಯುತ್ತಿದ್ದವು. ಮೀನು ಹೋದದ್ದಲ್ಲದೆ ಊರೂ ಒಡೆಯುತ್ತಿತ್ತು.

ನೀರಿನೊಳಗೆ ಉಸಿರು ಎಲ್ಲಿಂದ?

ನಾವು ಉಸಿರಾಡುವ ಗಾಳಿಯಲ್ಲಿ ನೂರಕ್ಕೆ ೨೧ ಪಾಲು ಪ್ರಾಣವಾಯು, ಅಂದರೆ ಆಮ್ಲಜನಕ, ಇದೆ. ಮೀನಿಗೂ ಬೇಕಾದುದು ಅದೇ ಆಮ್ಲಜನಕ. ಆದರೆ ಮೀನು ಅದನ್ನು ನೀರಿನಲ್ಲಿ ಕರಗಿದ ರೂಪದಲ್ಲಿ ತನ್ನ ಕಿವಿರುಗಳ ಮೂಲಕ ಪಡೆಯುತ್ತದೆ. ಸಕ್ಕರೆ ಪಾನಕದಲ್ಲಿ ಕಣ್ಣಿಗೆ ಕಾಣದೆ ಕರಗಿರುವಂತೆ ಆಮ್ಲಜನಕವೂ ನೀರಿನಲ್ಲಿ ಕರಗಿರುತ್ತದೆ.

ಆದರೆ ನೀರು ಈ ವಿಷಯದಲ್ಲಿ ಬಲು ಬಡವ. ಒಂದು ಲೀಟರ್ ಗಾಳಿಯಲ್ಲಿ ಸುಮಾರು ೨೭೦ ಮಿಲಿಗ್ರಾಂ ಆಮ್ಲಜನಕವಿದ್ದರೆ, ಒಂದು ಲೀಟರ್ ನೀರು ೨೫ ಡಿಗ್ರಿ ಸೆಂಟಿಗ್ರೇಡ್ ಬಿಸಿಯಲ್ಲಿ ಗಾಳಿಯಿಂದ ಪಡೆದು ಹಿಡಿದಿಟ್ಟುಕೊಳ್ಳುವುದು ಸುಮಾರು ೮ ಮಿಲಿಗ್ರಾಂ ಮಾತ್ರ. ನೀರು ಬಿಸಿಯಾದಷ್ಟೂ ಹಿಡಿಯುವ ಶಕ್ತಿ ಕಡಿಮೆ. ೨೦ ಡಿಗ್ರಿಯಲ್ಲಿ ೯ ಮಿಲಿಗ್ರಾಂ ಹಿಡಿದರೆ ೩೦ ಡಿಗ್ರಿಯಲ್ಲಿ ಏಳೂವರೆ. ಬೇಸಗೆಯಲ್ಲಿ ನೀರು ಕೊಡುವುದು ಕಡಿಮೆ. ಮೀನು ಬೇಡುವುದು ಮಾತ್ರ ಹೆಚ್ಚು. ಸಮುದ್ರ ಮಟ್ಟಕ್ಕಿಂತ ಎತ್ತರದಲ್ಲಿರುವ ನಮ್ಮ ಬಯಲುಸೀಮೆಯ ಊರುಗಳಲ್ಲಿ ಈ ಅಂಕಿಗಳು ಇನ್ನೂ ಸ್ವಲ್ಪ ಇಳಿಯುತ್ತವೆ.

ನಾವು ಸಾಕುವ ಗೆಂಡೆ ಜಾತಿಯ ಮೀನುಗಳಿಗೆ ಲೀಟರಿಗೆ ೫ ಮಿಲಿಗ್ರಾಂಗಿಂತ ಮೇಲಿದ್ದರೆ ಸುಖ. ೩ರಿಂದ ೫ರ ನಡುವೆ ಇದ್ದರೆ ಬದುಕುತ್ತವೆ, ಆದರೆ ಮೇವು ಸರಿಯಾಗಿ ತಿನ್ನುವುದಿಲ್ಲ, ಬೆಳವಣಿಗೆ ಕುಂಠಿತವಾಗುತ್ತದೆ. ೩ಕ್ಕಿಂತ ಕೆಳಗಿಳಿದರೆ ಬಳಲಿ ರೋಗಕ್ಕೆ ತುತ್ತಾಗುತ್ತವೆ. ೧ರ ಆಸುಪಾಸಿಗೆ ಬಂದು ಕೆಲವು ಗಂಟೆ ನಿಂತರೆ ಸಾವು. ಕೊರವ, ಚೇಳುಮೀನುಗಳು ಮೇಲಿನ ಗಾಳಿಯನ್ನೇ ನೇರವಾಗಿ ಕುಡಿದು ಬದುಕಬಲ್ಲವು. ಕಾಟ್ಲಾ, ರೋಹು, ಬೆಳ್ಳಿ ಗೆಂಡೆಗಳಿಗೆ ಆ ವಿದ್ಯೆ ಇಲ್ಲ.

ಹೊಂಡದ ಹಗಲು, ಹೊಂಡದ ರಾತ್ರಿ

ನೀರಿಗೆ ಆಮ್ಲಜನಕ ಎರಡು ಬಾಗಿಲಿನಿಂದ ಬರುತ್ತದೆ. ಮೊದಲನೆಯದು ಗಾಳಿ. ಅಲೆ ಎದ್ದಾಗ, ನೀರು ಮೇಲಿನಿಂದ ಧುಮುಕಿದಾಗ, ಹನಿ ಹನಿಯಾಗಿ ಒಡೆದಾಗ ಗಾಳಿಯು ನೀರಿನಲ್ಲಿ ಕರಗುತ್ತದೆ. ಅಲುಗಾಡದ ನೀರಿನಲ್ಲಿ ಈ ಕೆಲಸ ಬಹಳ ನಿಧಾನ.

ಎರಡನೆಯ ಬಾಗಿಲು ದೊಡ್ಡದು. ಹೊಂಡದ ನೀರಿಗೆ ಹಸಿರು ಬಣ್ಣ ಕೊಡುವ, ಬಿಡಿಬಿಡಿಯಾಗಿ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿಯೇ ಅದು. ಬಿಸಿಲಿನ ಬಲದಿಂದ ಅದು ತನ್ನ ಆಹಾರ ತಯಾರಿಸಿಕೊಳ್ಳುವಾಗ ಆಮ್ಲಜನಕವನ್ನು ನೀರಿಗೆ ಬಿಡುತ್ತದೆ. ಸೂರ್ಯ ಹುಟ್ಟಿದಾಗಿನಿಂದ ಈ ಆದಾಯ ಏರುತ್ತ ಹೋಗಿ ಮಧ್ಯಾಹ್ನ ಎರಡು ಮೂರು ಗಂಟೆಯ ಹೊತ್ತಿಗೆ ತುದಿ ಮುಟ್ಟುತ್ತದೆ.

ಸೂರ್ಯ ಮುಳುಗಿದೊಡನೆ ಆ ಬಾಗಿಲು ಮುಚ್ಚಿತು. ಆದರೆ ಖರ್ಚು ನಿಲ್ಲುವುದಿಲ್ಲ. ಮೀನು ಉಸಿರಾಡುತ್ತದೆ. ತಳದ ಕೆಸರಿನಲ್ಲಿ ಸಗಣಿ, ಎಲೆ, ಉಳಿದ ಮೇವು ಕೊಳೆಯುವಾಗ ಆಮ್ಲಜನಕ ತಿನ್ನುತ್ತವೆ. ಹಗಲೆಲ್ಲ ಕೊಟ್ಟ ಪಾಚಿಯೇ ರಾತ್ರಿ ತಾನೂ ಉಸಿರಾಡಿ ಅದನ್ನು ತೆಗೆದುಕೊಳ್ಳುತ್ತದೆ. ಹೀಗೆ ರಾತ್ರಿಯುದ್ದಕ್ಕೂ ಇಳಿಯುತ್ತ ಹೋಗಿ, ಬೆಳಕು ಹರಿಯುವ ಮುನ್ನ ಹೊಂಡದ ಗಂಟು ತಳ ಕಾಣುತ್ತದೆ. ಆದುದರಿಂದಲೇ ಮೀನು ಸಾಯುವುದು ಹೆಚ್ಚಾಗಿ ಆ ಹೊತ್ತಿನಲ್ಲಿ.

ಒಂದು ಲೆಕ್ಕ ನೋಡೋಣ. ೧೦ ಗುಂಟೆಯ ಹೊಂಡ ಎಂದರೆ ಸುಮಾರು ೧,೦೦೦ ಚದರ ಮೀಟರ್. ನೀರು ಒಂದೂವರೆ ಮೀಟರ್ ಆಳವಿದ್ದರೆ ಸುಮಾರು ೧೫ ಲಕ್ಷ ಲೀಟರ್ ಆಯಿತು. ಲೀಟರಿಗೆ ೮ ಮಿಲಿಗ್ರಾಂನಂತೆ ಇಡೀ ಹೊಂಡದಲ್ಲಿರುವ ಆಮ್ಲಜನಕ ೧೨ ಕಿಲೋ. ಆ ಹೊಂಡದಲ್ಲಿ ೩೦೦ ಕಿಲೋ ಮೀನಿದೆ ಎನ್ನೋಣ. ಒಂದು ಕಿಲೋ ಮೀನು ಗಂಟೆಗೆ ಸುಮಾರು ೩೦೦ ಮಿಲಿಗ್ರಾಂ ತೆಗೆದುಕೊಂಡರೂ ಹನ್ನೆರಡು ಗಂಟೆಯ ರಾತ್ರಿಗೆ ಮೀನುಗಳ ಖರ್ಚು ಸುಮಾರು ಒಂದು ಕಿಲೋ ಮಾತ್ರ.

ಹಾಗಾದರೆ ಉಳಿದದ್ದನ್ನು ತಿಂದವರು ಯಾರು? ಪಾಚಿ ಮತ್ತು ಕೆಸರು. ಮನೆಯ ಯಜಮಾನನಿಗೆ ಒಂದು ತುತ್ತು, ಕರೆಯದೆ ಬಂದ ನೆಂಟರಿಗೆ ಹತ್ತು ತುತ್ತು ಎನ್ನುವಂತೆ. ಆಮ್ಲಜನಕವನ್ನು ಕಾಪಾಡುವುದೆಂದರೆ ಹೆಚ್ಚಿನ ಮಟ್ಟಿಗೆ ಪಾಚಿ ಮತ್ತು ಕೆಸರನ್ನು ಹಿಡಿತದಲ್ಲಿಡುವುದು ಎಂಬುದನ್ನು ತಾವು ಚೆನ್ನಾಗಿ ಗಮನಿಸಬೇಕು. ನಾನು ಹಾಕಿಸಿದ ಎರಡು ಗಾಡಿ ಸಗಣಿ ಆ ಕರೆಯದ ನೆಂಟರಿಗೆ ಇಕ್ಕಿದ ಔತಣವಾಗಿತ್ತು.

ಅಪಾಯದ ದಿನಗಳು ಯಾವುವು?

ಮೊದಲನೆಯದು, ಎರಡು ಮೂರು ದಿನ ಸತತ ಮೋಡ ಕವಿದ ಹೊತ್ತು. ಬಿಸಿಲಿಲ್ಲದೆ ಹಗಲಿನ ಆದಾಯ ಬಿದ್ದುಹೋಗುತ್ತದೆ, ರಾತ್ರಿಯ ಖರ್ಚು ಮಾತ್ರ ಹಾಗೆಯೇ ಇರುತ್ತದೆ. ಗಾಳಿಯೂ ಇಲ್ಲದಿದ್ದರೆ ಇನ್ನೂ ಕಷ್ಟ.

ಎರಡನೆಯದು, ಬಿಸಿಲು ಕಾದ ದಿನಗಳ ಬೆನ್ನಿಗೆ ಬರುವ ಬಿರುಮಳೆ. ಮೇಲಿನ ಬಿಸಿನೀರು ತಣ್ಣಗಾಗಿ ಕೆಳಗಿಳಿಯುತ್ತದೆ. ತಳದಲ್ಲಿದ್ದ ಉಸಿರಿಲ್ಲದ ನೀರು ಮೇಲೆದ್ದು ಎಲ್ಲೆಡೆ ಬೆರೆಯುತ್ತದೆ. ಕೊಚ್ಚಿಬಂದ ಕಸಕಡ್ಡಿ, ಸಗಣಿಗಳೂ ಸೇರುತ್ತವೆ.

ಮೂರನೆಯದು, ಪಾಚಿ ಮಿತಿಮೀರಿ ಬೆಳೆದು ಒಮ್ಮೆಗೇ ಸಾಯುವುದು. ಗಾಢ ಹಸಿರಾಗಿದ್ದ ನೀರು ಇದ್ದಕ್ಕಿದ್ದಂತೆ ಕಂದು ಅಥವಾ ಬೂದು ಬಣ್ಣಕ್ಕೆ ತಿರುಗಿದರೆ ಆ ರಾತ್ರಿ ಮಲಗಬೇಡಿ.

ನಾಲ್ಕನೆಯದು, ಬೇಸಗೆಯಲ್ಲಿ ನೀರು ಇಳಿದು ಮೀನು ಒತ್ತೊತ್ತಾದಾಗ.

ಐದನೆಯದು, ಅಂತರಗಂಗೆಯಂಥ ತೇಲುವ ಕಳೆ ನೀರಿನ ಮೇಲೆ ಚಾಪೆ ಹಾಸಿದಂತೆ ಮುಚ್ಚಿದಾಗ. ಬೆಳಕಿಗೂ ಗಾಳಿಗೂ ಅದು ತಡೆ. ಅದನ್ನು ಕಿತ್ತು ದಡಕ್ಕೆ ಹಾಕಿ ಗೊಬ್ಬರದ ಗುಂಡಿಗೆ ಸಾಗಿಸಬೇಕು. ಔಷಧಿ ಹೊಡೆದು ಅಲ್ಲಿಯೇ ಕೊಳೆಯಲು ಬಿಟ್ಟರೆ ಅದು ಕೊಳೆಯುವಾಗ ಇದ್ದ ಆಮ್ಲಜನಕವನ್ನೂ ತಿನ್ನುತ್ತದೆ.

ಉಪಕರಣವಿಲ್ಲದೆ ತಿಳಿಯುವ ಬಗೆ

ಆಮ್ಲಜನಕ ಅಳೆಯುವ ಮೀಟರು, ಪರೀಕ್ಷೆಯ ಕಿಟ್ಟು ಪೇಟೆಯಲ್ಲಿ ಸಿಗುತ್ತವೆ. ನಾಲ್ಕಾರು ಹೊಂಡದವರು ಸೇರಿ ಒಂದು ಕೊಂಡರೆ ಒಳ್ಳೆಯದು. ಅದಿಲ್ಲದಿದ್ದರೂ ಎರಡು ಉಪಾಯಗಳಿವೆ.

ಒಂದು, ಕಣ್ಣು. ನಸುಕಿನಲ್ಲಿ ಟಾರ್ಚು ಹಿಡಿದು ಸದ್ದಿಲ್ಲದೆ ಹೋಗಿ ನೋಡಿ. ಮೀನುಗಳು ಗುಂಪಾಗಿ ಮೇಲೆ ಬಂದು ಬಾಯಿ ತೆರೆದು ಮುಚ್ಚುತ್ತಿವೆಯೇ? ಈಗ ಕಾಲಿನಿಂದ ನೆಲ ಬಡಿಯಿರಿ. ಥಟ್ಟನೆ ಮುಳುಗಿ ಮರೆಯಾದರೆ ಕಷ್ಟ ಇನ್ನೂ ಆರಂಭದಲ್ಲಿದೆ. ಬಡಿದರೂ ಬೆದರದೆ ಅಲ್ಲಿಯೇ ನಿಂತಿದ್ದರೆ ಕ್ಷಣವೂ ತಡಮಾಡುವಂತಿಲ್ಲ. ಬಸವನಹುಳುಗಳು ಕಲ್ಲು, ಹುಲ್ಲಿನ ಮೇಲೆ ಹತ್ತಿದ್ದರೆ ಅದೂ ಒಂದು ಗುರುತು. ಸೂರ್ಯ ಹುಟ್ಟಿ ಎರಡು ಗಂಟೆಯಾದರೂ ಮೀನು ಕೆಳಗಿಳಿಯದಿದ್ದರೆ ಹೊಂಡ ಬಹಳ ಕೆಟ್ಟಿದೆಯೆಂದು ತಿಳಿಯಿರಿ.

ಎರಡು, ತಟ್ಟೆ. ೨೦ ಸೆಂಟಿಮೀಟರ್ ಅಗಲದ ಒಂದು ತಗಡಿನ ಮುಚ್ಚಳವನ್ನು ನಾಲ್ಕು ಪಾಲು ಮಾಡಿ ಒಂದು ಬಿಟ್ಟು ಒಂದಕ್ಕೆ ಕಪ್ಪು, ಬಿಳಿ ಬಣ್ಣ ಬಳಿಯಿರಿ. ಕೆಳಗೆ ಒಂದು ಕಲ್ಲು ಕಟ್ಟಿ, ಮೇಲೆ ದಾರ ಕಟ್ಟಿ, ಐದೈದು ಸೆಂಟಿಮೀಟರಿಗೆ ಒಂದೊಂದು ಗಂಟು ಹಾಕಿ. ಹತ್ತು ಹನ್ನೊಂದು ಗಂಟೆಯ ಬಿಸಿಲಿನಲ್ಲಿ ನಿಧಾನವಾಗಿ ನೀರಿಗೆ ಇಳಿಬಿಡಿ. ತಟ್ಟೆ ಕಣ್ಣಿಗೆ ಮರೆಯಾಗುವ ಆಳ ೨೫ರಿಂದ ೪೦ ಸೆಂಟಿಮೀಟರ್ ಇದ್ದರೆ ಪಾಚಿ ಹದವಾಗಿದೆ. ೨೦ಕ್ಕಿಂತ ಕಡಿಮೆ ಆಳದಲ್ಲೇ ಮರೆಯಾದರೆ ಪಾಚಿ ಅತಿಯಾಗಿದೆ, ಗೊಬ್ಬರ ನಿಲ್ಲಿಸಿ. ೬೦ಕ್ಕಿಂತ ಆಳದವರೆಗೂ ಕಂಡರೆ ಪಾಚಿ ಸಾಲದು. ಈ ಪರೀಕ್ಷೆ ಹಸಿರು ನೀರಿಗೆ ಮಾತ್ರ. ಕೆಮ್ಮಣ್ಣಿನ ರಾಡಿ ನೀರಿಗೆ ಇದು ಹೊಂದುವುದಿಲ್ಲ. ತಟ್ಟೆ ಇಲ್ಲದಿದ್ದರೆ ಕೈಯನ್ನೇ ಮುಳುಗಿಸಿ ನೋಡಬಹುದು. ಮಣಿಕಟ್ಟು ಮುಳುಗುತ್ತಲೇ ಅಂಗೈ ಕಾಣದಾದರೆ ಪಾಚಿ ಅತಿ. ಮೊಣಕೈ ಮುಳುಗಿದರೂ ಅಂಗೈ ಕಾಣುತ್ತಿದ್ದರೆ ಕಡಿಮೆ.

ಮೀನು ಬಾಯಿ ಬಿಡುವಾಗ ಮಾಡಬೇಕಾದುದೇನು?

೧. ಮೇವು, ಗೊಬ್ಬರ ಎರಡನ್ನೂ ನಿಲ್ಲಿಸಿ. ಒಂದೆರಡು ದಿನ ಉಪವಾಸವಿದ್ದರೆ ಮೀನಿಗೆ ಏನೂ ಆಗುವುದಿಲ್ಲ.

೨. ಪಂಪುಸೆಟ್ಟು ಇಟ್ಟು ಹೊಂಡದ ನೀರನ್ನೇ ಎತ್ತಿ ಹೊಂಡಕ್ಕೇ ಚಿಮ್ಮಿಸಿ. ಪೈಪಿನ ಬಾಯಿಯನ್ನು ಎತ್ತರಿಸಿ ಕಟ್ಟಿ, ತೂತು ಕೊರೆದ ತಗಡಿನ ಡಬ್ಬವನ್ನು ಅದಕ್ಕೆ ಸಿಕ್ಕಿಸಿದರೆ ನೀರು ಹನಿಹನಿಯಾಗಿ ಒಡೆಯುತ್ತದೆ. ಹನಿ ಸಣ್ಣದಾದಷ್ಟೂ ಗಾಳಿ ಹೆಚ್ಚು ಕರಗುತ್ತದೆ. ನೀರೆಳೆಯುವ ಪೈಪು ತಳದ ಕೆಸರಿಗೆ ತಾಗದಿರಲಿ. ಕೆಸರು ಕದಡಿದರೆ ಇದ್ದದ್ದೂ ಹೋಗುತ್ತದೆ.

೩. ಕಾಲುವೆಯ ಹೊಸ ನೀರು ಸಿಗುವುದಾದರೆ ಬಿಡಿ. ಕೊಳವೆ ಬಾವಿಯ ನೀರಿನ ವಿಷಯದಲ್ಲಿ ಒಂದು ಎಚ್ಚರಿಕೆ: ಆಳದಿಂದ ಬರುವ ಆ ನೀರಿನಲ್ಲಿ ಆಮ್ಲಜನಕ ತೀರ ಕಡಿಮೆಯಿರಬಹುದು. ಅದನ್ನು ನೇರವಾಗಿ ನೀರಿನೊಳಗೆ ಬಿಡದೆ ಎತ್ತರದಿಂದ ಕಲ್ಲುಗುಂಡುಗಳ ಮೇಲೆ ಬಿದ್ದು ಸಿಡಿಯುವಂತೆ ಬಿಡಬೇಕು.

೪. ಪಂಪು ಇಲ್ಲದಿದ್ದರೆ ನಾಲ್ಕು ಜನ ಬಿದಿರಿನ ಗಳ ಹಿಡಿದು ಮೇಲಿನ ನೀರನ್ನು ಬಡಿಯಿರಿ. ಕೊಡದಲ್ಲಿ ಮೊಗೆದು ಎತ್ತರದಿಂದ ಸುರಿಯಿರಿ. ಇಡೀ ಹೊಂಡಕ್ಕೆ ಇದು ಸಾಲದು. ಆದರೆ ಒಂದು ಮೂಲೆಯಲ್ಲಿ ಬಿಡದೆ ಮಾಡಿದರೆ ಮೀನುಗಳು ಅಲ್ಲಿಗೆ ಬಂದು ಸೇರಿ ಜೀವ ಹಿಡಿದುಕೊಳ್ಳುತ್ತವೆ.

೫. ಬಿಸಿಲು ಬಿದ್ದು ಮೀನು ಕೆಳಗಿಳಿಯುವವರೆಗೂ ನಿಲ್ಲಿಸಬೇಡಿ. ಮೋಡ ಸರಿಯುವವರೆಗೂ ಪ್ರತಿ ರಾತ್ರಿ ಕಾವಲಿರಲಿ.

೬. ಮೀನು ಬಾಯಿ ಬಿಡುತ್ತಿರುವಾಗ ಬಲೆ ಎಳೆಯಬೇಡಿ. ಚೇತರಿಸಿಕೊಂಡ ಮೇಲೆ, ಮಾರುವ ಗಾತ್ರದ್ದನ್ನು ಹಿಡಿದು ಹೊಂಡದ ಹೊರೆ ಇಳಿಸಿ.

೭. ಯಾರೋ ಹೇಳಿದರೆಂದು ಆತುರದಲ್ಲಿ ಬುಟ್ಟಿಗಟ್ಟಲೆ ಸುಣ್ಣ ಸುರಿಯಬೇಡಿ. ನೀರಿನ ಕ್ಷಾರ ಒಮ್ಮೆಗೇ ಏರಿ, ಅದರಲ್ಲಿರುವ ಅಮೋನಿಯ ವಿಷವಾಗುತ್ತದೆ. ಆಮ್ಲಜನಕ ಬಿಡುವ ಮಾತ್ರೆಗಳೂ ಅಂಗಡಿಯಲ್ಲಿ ಸಿಗುತ್ತವೆ. ಆದರೆ ನಮ್ಮ ೧೦ ಗುಂಟೆಯ ಹೊಂಡದಲ್ಲಿ ಲೀಟರಿಗೆ ಒಂದೇ ಒಂದು ಮಿಲಿಗ್ರಾಂ ಏರಿಸಲು ಒಂದೂವರೆ ಕಿಲೋ ಆಮ್ಲಜನಕ ಬೇಕು. ಒಂದು ಹಿಡಿ ಮಾತ್ರೆ ಎಸೆದು ನೆಮ್ಮದಿಯಿಂದ ಮಲಗುವುದು ಸಲ್ಲದು.

ಮುಂಚಿತವಾಗಿ ಮಾಡುವ ಕೆಲಸ

ಬೆಂಕಿ ಬಿದ್ದ ಮೇಲೆ ಬಾವಿ ತೋಡುವುದಕ್ಕಿಂತ ಮೊದಲೇ ಎಚ್ಚರದಿಂದಿರುವುದು ಲೇಸು.

ಕೆಸರು: ಬೇಸಗೆಯಲ್ಲಿ ನೀರು ಖಾಲಿಯಾದಾಗ ತಳದ ಕಪ್ಪು ಹೂಳನ್ನು ತೆಗೆದು ಹೊಲಕ್ಕೆ ಹಾಕಿ. ನೆಲ ಬಿರುಕು ಬಿಡುವಂತೆ ಒಣಗಲಿ. ಮಣ್ಣಿನ ಹುಳಿ ನೋಡಿ ವರ್ಷಕ್ಕೆ ೧೦ ಗುಂಟೆಗೆ ೨೦ರಿಂದ ೫೦ ಕಿಲೋ ಸುಣ್ಣ ಹಾಕಿ.

ಮರಿಗಳ ಸಂಖ್ಯೆ: ಮೊದಲು ಕಾಟ್ಲಾ, ರೋಹು ಮರಿಗಳಿಗೆ ನದಿಯನ್ನೇ ನಂಬಬೇಕಾಗಿತ್ತು, ನಿಂತ ನೀರಿನಲ್ಲಿ ಅವು ತಾವಾಗಿ ಮರಿ ಮಾಡುವುದಿಲ್ಲ. ೧೯೫೭ರ ಜುಲೈ ೧೦ರಂದು ಅಂಗುಲ್‌ನಲ್ಲಿ ಹೀರಾಲಾಲ್ ಚೌಧುರಿ ಮತ್ತು ಕೆ. ಎಚ್. ಅಲಿಕುಂಞಿ ಅವರು ಚುಚ್ಚುಮದ್ದಿನ ಮೂಲಕ ಗೆಂಡೆ ಜಾತಿಯ ಮೀನುಗಳಿಂದ ಮೊಟ್ಟೆ ಇಡಿಸುವಲ್ಲಿ ಯಶಸ್ವಿಯಾದರು. ಆ ನೆನಪಿಗೆ ಜುಲೈ ೧೦ನ್ನು ಮೀನು ಕೃಷಿಕರ ದಿನವೆಂದು ಆಚರಿಸುತ್ತಾರೆ. ಅಲ್ಲಿಂದ ಮುಂದೆ ಮರಿ ಸಿಗುವುದು ಸುಲಭವಾಯಿತು. ಸುಲಭವಾಗಿ ಸಿಗುತ್ತದೆಂದು ಮಿತಿಮೀರಿ ಬಿಡುವ ಅಭ್ಯಾಸವೂ ಬೆಳೆಯಿತು. ಯಂತ್ರವಿಲ್ಲದ ೧೦ ಗುಂಟೆಯ ಹೊಂಡಕ್ಕೆ ೪೦೦ರಿಂದ ೫೦೦ ಬಲಿತ ಮರಿ ಸಾಕು. ಒತ್ತಾಗಿ ನಾಟಿದ ರಾಗಿ ತೆನೆ ಕಟ್ಟುವುದಿಲ್ಲ ಎಂಬುದನ್ನು ತಮಗೆ ಹೇಳಬೇಕಾಗಿಲ್ಲ.

ಸಗಣಿ: ೧೦ ಗುಂಟೆಗೆ ವರ್ಷಕ್ಕೆ ೧,೦೦೦ದಿಂದ ೧,೫೦೦ ಕಿಲೋ. ಅದರಲ್ಲಿ ಐದನೆಯ ಒಂದು ಪಾಲನ್ನು ಮರಿ ಬಿಡುವ ಎರಡು ವಾರ ಮೊದಲು ಹಾಕಿ. ಉಳಿದದ್ದನ್ನು ಹದಿನೈದು ದಿನಕ್ಕೊಮ್ಮೆ ೩೫ರಿಂದ ೫೦ ಕಿಲೋದಂತೆ, ತೂಗಿ, ನೀರಿನಲ್ಲಿ ಕಲಸಿ ಹರಡಿ. ಎರಡು ಗಾಡಿ ಎಂದರೆ ಹೆಚ್ಚುಕಡಿಮೆ ಒಂದು ವರ್ಷದ ಸಗಣಿಯನ್ನು ಒಂದೇ ದಿನ ಹಾಕಿದಂತಾಯಿತು! ಮೋಡವಿದ್ದರೆ, ತಟ್ಟೆ ೨೫ ಸೆಂಟಿಮೀಟರಿಗೂ ಮೊದಲೇ ಮರೆಯಾದರೆ, ಆ ಸಲದ ಗೊಬ್ಬರ ಬೇಡವೇ ಬೇಡ.

ಮೇವು: ಬೆಳೆದ ಮೀನಿಗೆ ಅದರ ತೂಕದ ನೂರಕ್ಕೆ ೨ರಿಂದ ೩ ಪಾಲು ಸಾಕು. ೩೦೦ ಕಿಲೋ ಮೀನಿಗೆ ದಿನಕ್ಕೆ ೬ರಿಂದ ೯ ಕಿಲೋ ಆಯಿತು. ತೌಡು, ಕಡಲೆಕಾಯಿ ಹಿಂಡಿ ಬೆರೆಸಿ ಬುಟ್ಟಿಯಲ್ಲಿಟ್ಟು ನೀರಿಗೆ ಇಳಿಬಿಡಿ. ಎರಡು ಗಂಟೆಯ ಮೇಲೆ ಎತ್ತಿ ನೋಡಿ. ಉಳಿದಿದ್ದರೆ ಮರುದಿನ ಕಡಿಮೆ ಮಾಡಿ. ತಿನ್ನದೆ ಉಳಿದ ಮೇವು ಹಣವನ್ನೂ ತಿನ್ನುತ್ತದೆ, ಉಸಿರನ್ನೂ ತಿನ್ನುತ್ತದೆ. ಬೆಳಗ್ಗೆ ಮೀನು ಮೇಲೆ ಬಂದಿದ್ದರೆ ಅಂದು ಮೇವೇ ಬೇಡ.

ಏರಿ: ನೀರಿನ ಮೇಲೆ ಬಾಗಿದ ಮರಗಳ ಕೊಂಬೆ ಸವರಿ. ಬಿಸಿಲು ಬೀಳಲಿ, ಗಾಳಿ ಆಡಲಿ, ಎಲೆ ಉದುರದಿರಲಿ. ಕೊಟ್ಟಿಗೆಯ ಕೊಚ್ಚೆ ಮಳೆಯಲ್ಲಿ ಹರಿದು ಬರದಂತೆ ಕಾಲುವೆ ತಿರುಗಿಸಿ.

ಗಾಳಿಯಾಡಿಸುವ ಯಂತ್ರ

ರಾಟೆಯಂತೆ ತಿರುಗಿ ನೀರನ್ನು ಸಿಡಿಸುವ ಏರೇಟರ್ ಯಂತ್ರ ಈಗ ಹಲವರ ಬಳಿ ಇದೆ. ಕೆಲವರು ಅದನ್ನು ಮಧ್ಯಾಹ್ನದಲ್ಲಿ ಓಡಿಸಿ ರಾತ್ರಿ ನಿಲ್ಲಿಸುವುದನ್ನು ನೋಡಿದ್ದೇನೆ. ಇದು ಉಂಡ ಮೇಲೆ ಬಡಿಸಿ ಹಸಿದಾಗ ಎಲೆ ಎತ್ತಿದಂತೆ. ಮಧ್ಯಾಹ್ನ ಹಸಿರು ನೀರಿನಲ್ಲಿ ಆಮ್ಲಜನಕ ಮಿಗುವಷ್ಟು ಇರುತ್ತದೆ. ಆಗ ಸಿಡಿಸಿದರೆ ಇದ್ದದ್ದು ಗಾಳಿಗೆ ಹಾರಿಹೋಗುವುದೂ ಉಂಟು. ಯಂತ್ರ ಓಡಬೇಕಾದುದು ನಡುರಾತ್ರಿಯಿಂದ ಸೂರ್ಯೋದಯದವರೆಗೆ. ನೀರಿನಲ್ಲಿ ಆಮ್ಲಜನಕ ಕಡಿಮೆಯಿದ್ದಾಗಲೇ ಯಂತ್ರದ ಕೆಲಸ ಹೆಚ್ಚು ಫಲ ಕೊಡುತ್ತದೆ.

ಯಂತ್ರವನ್ನೇ ನಂಬಿ ಹೆಚ್ಚು ಮರಿ ಬಿಟ್ಟವರು ಕರೆಂಟು ಹೋದಾಗ ಏನು ಮಾಡುವುದೆಂದು ಮೊದಲೇ ಯೋಚಿಸಿರಬೇಕು. ಒಂದು ಡೀಸೆಲ್ ಎಂಜಿನ್ ಹತ್ತಿರದಲ್ಲಿರಲಿ. ಇನ್ನೊಂದು ಮಾತು: ನೀರು ಮತ್ತು ವಿದ್ಯುತ್ತು ಸೇರಿದ ಕಡೆ ಮನುಷ್ಯರ ಪ್ರಾಣಕ್ಕೇ ಅಪಾಯ. ಸರಿಯಾದ ಅರ್ಥಿಂಗ್ ಇಲ್ಲದೆ ಯಂತ್ರ ಇಳಿಸಬೇಡಿ. ಸ್ವಿಚ್ಚು ತೆಗೆಯದೆ ಹೊಂಡಕ್ಕೆ ಕಾಲಿಡಬೇಡಿ.

ವಿಷವೋ, ಉಸಿರುಕಟ್ಟೋ?

ಬೆಳಗ್ಗೆ ಮೀನು ಸತ್ತಿದ್ದರೆ ಮೊದಲು ಏರಿಯ ಸುತ್ತ ನಡೆದು ನೋಡಿ. ಉಸಿರು ಕಟ್ಟಿದ್ದರೆ ದೊಡ್ಡ ಮೀನು ಮೊದಲು ಸಾಯುತ್ತದೆ, ಸಣ್ಣವು ಉಳಿದಿರುತ್ತವೆ, ಕಪ್ಪೆ, ಕೊರವ ಬದುಕಿರುತ್ತವೆ, ಹಿಂದಿನ ದಿನಗಳ ನಸುಕಿನಲ್ಲಿ ಮೀನು ಮೇಲೆ ಬಂದದ್ದನ್ನು ಯಾರಾದರೂ ಕಂಡಿರುತ್ತಾರೆ. ವಿಷವಾಗಿದ್ದರೆ ಸಾಮಾನ್ಯವಾಗಿ ಸಣ್ಣದು ದೊಡ್ಡದೆನ್ನದೆ, ನೀರಿನ ಹುಳುಹುಪ್ಪಟೆ ಸಹಿತ, ಯಾವ ಹೊತ್ತಿನಲ್ಲಾದರೂ ಸಾಯುತ್ತವೆ. ರೋಗವಾಗಿದ್ದರೆ ದಿನಕ್ಕೆ ಕೆಲವು ಕೆಲವಾಗಿ, ಹಲವು ದಿನ ಸಾಯುತ್ತವೆ; ಮೈಮೇಲೆ ಗಾಯ, ಕಲೆ ಇರಬಹುದು. ಅನುಮಾನ ಉಳಿದರೆ ಒಂದು ಶುದ್ಧವಾದ ಬಾಟಲಿಯಲ್ಲಿ ನೀರು ತುಂಬಿಟ್ಟು ಮೀನುಗಾರಿಕೆ ಇಲಾಖೆಯವರಿಗೆ ತಿಳಿಸಿ. ಸತ್ತ ಮೀನನ್ನು ಹೊಂಡದಲ್ಲೇ ಬಿಡದೆ ಸುಣ್ಣ ಹಾಕಿ ಹೂಳಿ. ಕಣ್ಣಾರೆ ನೋಡದೆ ನೆರೆಯವನ ಮೇಲೆ ತಪ್ಪು ಹೊರಿಸುವುದು ಬೇಡ.

ಮುಗಿಸುವ ಮುನ್ನ

ಆ ಹಿರಿಯರ ಹೊಂಡದಿಂದ ಅಂದು ನಾವು ಎತ್ತಿ ಹೂಳಿದ ಮೀನು ೨೮೦. ಮಗಳ ಬಾಣಂತನಕ್ಕೆ ಅವರು ಸಾಲ ಮಾಡಬೇಕಾಯಿತು. ಅವರು ನನ್ನನ್ನು ಬೈಯಲಿಲ್ಲ. "ಇನ್ಮೇಲೆ ಎಷ್ಟು ಹಾಕ್ಬೇಕು ಅಂತ್ಲೂ ಹೇಳಿ ಸ್ವಾಮಿ" ಎಂದರು, ಅಷ್ಟೇ. ಅಂದಿನಿಂದ ತೂಕ ಹೇಳದೆ, ನೀರು ನೋಡದೆ ನಾನು ಯಾರಿಗೂ ಗೊಬ್ಬರದ ಮಾತು ಆಡಿಲ್ಲ.

ಮರುವರ್ಷ ಅವರು ಮತ್ತೆ ಮರಿ ಬಿಟ್ಟರು. ಕಾರ್ತಿಕದಲ್ಲಿ ಮೂರು ದಿನ ಮೋಡ ಕವಿಯಿತು. ಮೂರನೆಯ ನಸುಕಿನಲ್ಲಿ ಸೊಸೆ ಟಾರ್ಚು ಹಿಡಿದು ಹೋಗಿ, ಮೀನು ಬಾಯಿ ಬಿಡುತ್ತಿರುವುದನ್ನು ಕಂಡು ಕೂಗಿ ಕರೆದ ಹೊತ್ತಿಗೆ ಊರಿನಲ್ಲಿ ಕರೆಂಟು ಇರಲಿಲ್ಲ. ಹತ್ತಿರದಲ್ಲಿ ಡೀಸೆಲ್ ಎಂಜಿನ್ ಇದ್ದದ್ದು ಒಂದೇ ಮನೆಯಲ್ಲಿ, ಆ ದಾಯಾದಿಯ ಮನೆಯಲ್ಲಿ. ಹುಡುಗನನ್ನು ಕಳಿಸಿದರು. ಆತ ಮರುಮಾತಿಲ್ಲದೆ ಎಂಜಿನನ್ನು ಗಾಡಿಯ ಮೇಲೆ ಹೇರಿಕೊಂಡು ಬಂದ. ನಾನು ತಲುಪಿದಾಗ ಹೊತ್ತು ಹುಟ್ಟಿತ್ತು. ನೀರು ಕಾರಂಜಿಯಂತೆ ಚಿಮ್ಮುತ್ತಿತ್ತು. ಮೀನುಗಳು ಆಳಕ್ಕೆ ಇಳಿದಿದ್ದವು. ಏರಿಯ ಮೇಲೆ ಅಣ್ಣ ತಮ್ಮ ಇಬ್ಬರೂ ಕುಳಿತು ಒಂದೇ ಚೊಂಬಿನಿಂದ ಕಾಫಿ ಬಗ್ಗಿಸಿಕೊಳ್ಳುತ್ತಿದ್ದರು.

ಬಾಂಧವರೇ, ನಾಳೆ ಒಂದು ದಿನ ಕೋಳಿ ಕೂಗುವ ಹೊತ್ತಿಗೆ ಎದ್ದು ತಮ್ಮ ಹೊಂಡ ನೋಡಿ ಬನ್ನಿ. ಮನೆಯ ಹೆಣ್ಣುಮಕ್ಕಳಿಗೂ ಮಕ್ಕಳಿಗೂ ಆ ಗುರುತುಗಳನ್ನು ಹೇಳಿಕೊಡಿ. ನಸುಕಿನಲ್ಲಿ ಮೊದಲು ಏಳುವವರು ಅವರೇ ಅಲ್ಲವೇ?

ಸಂಘದ ಸಭೆಯಲ್ಲಿ ಚರ್ಚಿಸಲು ಪ್ರಶ್ನೆಗಳು

೧. ಹಗಲಿನಲ್ಲಿ ಆಮ್ಲಜನಕ ಕೊಡುವ ಪಾಚಿ ರಾತ್ರಿಯಲ್ಲಿ ಏನು ಮಾಡುತ್ತದೆ?

೨. ನಮ್ಮ ಊರಿನ ಹೊಂಡಗಳ ವಿಸ್ತೀರ್ಣ ಎಷ್ಟು ಗುಂಟೆ? ಪ್ರತಿಯೊಂದಕ್ಕೂ ಹದಿನೈದು ದಿನಕ್ಕೆ ಎಷ್ಟು ಕಿಲೋ ಸಗಣಿ ಬೇಕು?

೩. ಕೊಳವೆ ಬಾವಿಯ ನೀರನ್ನು ಹೊಂಡಕ್ಕೆ ಬಿಡುವ ಸರಿಯಾದ ರೀತಿ ಯಾವುದು?

೪. ರಾತ್ರಿ ಕರೆಂಟು ಹೋದಾಗ ನಮ್ಮ ಊರಿನಲ್ಲಿ ಯಾರ ಮನೆಯಿಂದ ಎಂಜಿನ್ ತರಬಹುದು? ಅವರೊಡನೆ ಇಂದೇ ಮಾತನಾಡಿದ್ದೇವೆಯೇ?